‘ಟು’ ಆದ ಮೇಲೂ ‘ಇಂಗ್’ ಬರುತ್ತದೆಯೇ? ಇಂಗ್ಲಿಷಿನ ಜೆರಂಡ್ ಬಳಕೆ

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಕಚೇರಿಯಲ್ಲಿ ದಿನವೂ ಇಂಗ್ಲಿಷ್ ಇಮೇಲ್ ಬರೆಯಬೇಕು. ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆದಿದ್ದೆ. ಮೇಲಿನವರು ‘ಮೀಟ್’ ಹೊಡೆದುಹಾಕಿ ‘ಮೀಟಿಂಗ್’ ಮಾಡಿದರು. ‘ಟು’ ಬಂದರೆ ಮುಂದೆ ಕ್ರಿಯಾಪದದ ಮೂಲರೂಪ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಸುಳ್ಳೇ? ‘ಎಂಜಾಯ್’ ಆದ ಮೇಲೆ ‘ಇಂಗ್’, ‘ವಾಂಟ್’ ಆದ ಮೇಲೆ ‘ಟು’ ಅನ್ನುತ್ತಾರೆ. ಇದಕ್ಕೆಲ್ಲ ನಿಯಮ ಇದೆಯೋ, ಪಟ್ಟಿ ಉರು ಹೊಡೆಯುವುದೊಂದೇ ದಾರಿಯೋ? ಹಾಗೆಯೇ ‘ಹಿಸ್ ಕಮಿಂಗ್’, ‘ಹಿಮ್ ಕಮಿಂಗ್’ ಎರಡರಲ್ಲಿ ಯಾವುದು ಸರಿ?

ಉತ್ತರ: ಶಾಲೆಯಲ್ಲಿ ಹೇಳಿಕೊಟ್ಟಿದ್ದು ಸುಳ್ಳಲ್ಲ, ಆದರೆ ಅರ್ಧ. ಇಂಗ್ಲಿಷಿನಲ್ಲಿ ‘ಟು’ಗಳು ಎರಡಿವೆ. ಒಂದು ಕ್ರಿಯಾಪದಕ್ಕೆ ಅಂಟಿಕೊಂಡೇ ಬರುವ ‘ಟು’: ‘ಐ ವಾಂಟ್ ಟು ಗೋ’. ನಮ್ಮ ‘ಹೋಗಲು’, ‘ಹೋಗೋಕೆ’ಗಳ ಕೊನೆಯಲ್ಲಿರುವ ತುಣುಕು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಇನ್ನೊಂದು ಪ್ರಿಪೊಸಿಷನ್ ಆಗಿರುವ ‘ಟು’: ‘ಐ ವೆಂಟ್ ಟು ಮೈಸೂರು’. ಇದು ನಮ್ಮ ಚತುರ್ಥಿ ವಿಭಕ್ತಿಯ ‘ಗೆ’ ಅಥವಾ ‘ಕ್ಕೆ’ ಇದ್ದ ಹಾಗೆ. ಪ್ರಿಪೊಸಿಷನ್ನಿನ ಮುಂದೆ ನಾಮಪದವೇ ಬರಬೇಕು. ಅಲ್ಲಿ ಒಂದು ಕೆಲಸವನ್ನು ತಂದು ಕೂರಿಸಬೇಕೆಂದರೆ ಆ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಿ ನಾಮಪದ ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಂಡ ರೂಪವೇ ಜೆರಂಡ್.

ನಿಮ್ಮ ಮುಂದಿರುವ ‘ಟು’ ಯಾವ ಬಗೆಯದೆಂದು ತಿಳಿಯಲು ಅದರ ಮುಂದೆ ‘ಇಟ್’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಅನ್ನಬಹುದು, ವಾಕ್ಯ ನಿಲ್ಲುತ್ತದೆ. ಹಾಗಾಗಿ ಅದು ಪ್ರಿಪೊಸಿಷನ್, ‘ಮೀಟಿಂಗ್’ ಬೇಕು. ‘ಐ ವಾಂಟ್ ಟು ಇಟ್’, ‘ಐ ಹೋಪ್ ಟು ಇಟ್’ ಅನ್ನಲಾಗದು. ಅಲ್ಲಿ ಮೂಲರೂಪವೇ ಸರಿ. ‘ಆಬ್ಜೆಕ್ಟ್ ಟು’, ‘ಕಮಿಟೆಡ್ ಟು’, ‘ಅಪೋಸ್ಡ್ ಟು’, ‘ಇನ್ ಅಡಿಷನ್ ಟು’, ‘ಪ್ರಯರ್ ಟು’, ‘ವಿತ್ ಎ ವ್ಯೂ ಟು’, ‘ವೆನ್ ಇಟ್ ಕಮ್ಸ್ ಟು’ ಇವೆಲ್ಲ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಕಚೇರಿ ಪತ್ರಗಳಲ್ಲಿ ಹೆಚ್ಚು ಎಡವುವುದು ಇವುಗಳಲ್ಲೇ. ಒಂದು ಎಚ್ಚರಿಕೆ ಇದೆ: ‘ಅಗ್ರೀ’ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ‘ಐ ಅಗ್ರೀಡ್ ಟು ಇಟ್’ ಸರಿಯಾದ ಇಂಗ್ಲಿಷೇ, ಆದರೂ ‘ಐ ಅಗ್ರೀಡ್ ಟು ಪೇ’ ಎಂದೇ ಬರೆಯಬೇಕು. ಇನ್ನೊಂದು ಮಾತು, ಈ ಪರೀಕ್ಷೆ ‘ಟು’ ಇರುವ ಕಡೆಗೆ ಮಾತ್ರ. ‘ವಾಂಟ್ ಇಟ್’ ಅನ್ನಬಹುದಲ್ಲ ಎಂದು ‘ವಾಂಟ್ ಗೋಯಿಂಗ್’ ಮಾಡಬೇಡಿ.

ಎರಡು ‘ಟು’ಗಳೂ ಒಂದೇ ವೇಷದಲ್ಲಿ ಬಂದು ಕೂರುವ ಜಾಗ ‘ಯೂಸ್ಡ್ ಟು’. ‘ಐ ಯೂಸ್ಡ್ ಟು ಡ್ರಿಂಕ್ ಕಾಫಿ’ ಅಂದರೆ ಮೊದಲು ಕಾಫಿ ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ. ‘ಐ ಆಮ್ ಯೂಸ್ಡ್ ಟು ಡ್ರಿಂಕಿಂಗ್ ಕಾಫಿ’ ಅಂದರೆ ಕಾಫಿ ಕುಡಿದು ಅಭ್ಯಾಸವಾಗಿದೆ. ಹಿಂದೆ ‘ಆಮ್’, ‘ಈಸ್’, ‘ವಾಸ್’, ‘ಗೆಟ್’ ಯಾವುದಾದರೂ ಇದ್ದರೆ ಅಭ್ಯಾಸವಾಗಿರುವ ಮಾತು, ಆಗ ‘ಇಂಗ್’ ಬೇಕು. ಅದಿಲ್ಲದೆ ಬರಿಯ ‘ಯೂಸ್ಡ್ ಟು’ ಇದ್ದರೆ ಹಳೆಯ ರೂಢಿಯ ಮಾತು, ಆಗ ಮೂಲರೂಪ. ‘ಎ ನೈಫ್ ಈಸ್ ಯೂಸ್ಡ್ ಟು ಕಟ್ ಫ್ರೂಟ್’ ಎಂಬ ಮೂರನೆಯದೂ ಒಂದಿದೆ. ಅದು ‘ಬಳಸಲಾಗುತ್ತದೆ’ ಎಂಬ ಸಾದಾ ಕರ್ಮಣಿ ಪ್ರಯೋಗ. ಅಲ್ಲಿನ ‘ಟು’ ನಮ್ಮ ‘ಹೆಚ್ಚಲು’ ಎಂಬುದರ ‘ಅಲು’.

ಪ್ರಿಪೊಸಿಷನ್ ಆದ ಮೇಲೆ ‘ಇಂಗ್’ ಎಂಬುದು ‘ಟು’ ಒಂದಕ್ಕೇ ಅಲ್ಲ, ಎಲ್ಲಕ್ಕೂ ಹೊಂದುತ್ತದೆ: ‘ವಿದೌಟ್ ಆಸ್ಕಿಂಗ್’, ‘ಬೈ ಪ್ರೆಸ್ಸಿಂಗ್ ದ ಬಟನ್’, ‘ಬಿಫೋರ್ ಲೀವಿಂಗ್’, ‘ಇನ್‌ಸ್ಟೆಡ್ ಆಫ್ ವೇಟಿಂಗ್’, ‘ಗುಡ್ ಅಟ್ ಕುಕಿಂಗ್’, ‘ಟೈರ್ಡ್ ಆಫ್ ಹಿಯರಿಂಗ್’, ‘ಇನ್ಸಿಸ್ಟ್ ಆನ್ ಪೇಯಿಂಗ್’, ‘ಸಕ್ಸೀಡ್ ಇನ್ ಗೆಟ್ಟಿಂಗ್’. ಇಲ್ಲಿ ಅಪವಾದ ಬಹಳ ಕಡಿಮೆ. ‘ಹೊರತು’ ಎಂಬ ಅರ್ಥದ ‘ಬಟ್’ ಮತ್ತು ‘ಎಕ್ಸೆಪ್ಟ್’ನಂಥವು ಮೂಲರೂಪವನ್ನು ಬಿಟ್ಟುಕೊಳ್ಳುತ್ತವೆ: ‘ಹೀ ಡಿಡ್ ನಥಿಂಗ್ ಬಟ್ ಕಂಪ್ಲೇನ್’. ‘ಅಬೌಟ್ ಟು ಲೀವ್’ ಎಂಬುದು ಇಡಿಯಾಗಿ ಒಂದು ನುಡಿಗಟ್ಟು, ಅದನ್ನು ಬಿಡಿಸಲು ಹೋಗಬೇಡಿ. ‘ಇನ್‌ಟರೆಸ್ಟೆಡ್ ಟು’ ಅಂತಲೂ ಕಣ್ಣಿಗೆ ಬೀಳುತ್ತದಲ್ಲ ಎಂದು ನೀವು ಕೇಳಬಹುದು. ಏನನ್ನಾದರೂ ಕೇಳಿ ತಿಳಿಯುವ ಕುತೂಹಲವಿದ್ದರೆ ‘ಐ ವುಡ್ ಬಿ ಇನ್‌ಟರೆಸ್ಟೆಡ್ ಟು ನೋ’ ಸರಿಯೇ. ಒಂದು ಕೆಲಸವನ್ನು ಮಾಡುವ ಆಸಕ್ತಿಯಿದ್ದರೆ ‘ಇನ್‌ಟರೆಸ್ಟೆಡ್ ಇನ್ ಲರ್ನಿಂಗ್’, ‘ಇನ್‌ಟರೆಸ್ಟೆಡ್ ಇನ್ ಬಯಿಂಗ್’.

ಕನ್ನಡ ನಮ್ಮನ್ನು ದಾರಿ ತಪ್ಪಿಸುವ ಒಂದು ಜಾಗವೂ ಇಲ್ಲೇ ಇದೆ. ‘ತರಕಾರಿ ತರುವುದಕ್ಕೆ ಮಾರ್ಕೆಟ್ಟಿಗೆ ಹೋದೆ’ ಅನ್ನುತ್ತೇವೆ. ‘ತರುವುದಕ್ಕೆ’ ಎಂಬ ಚತುರ್ಥಿ ಕಿವಿಗೆ ‘ಫಾರ್ ಬಯಿಂಗ್’ ಎಂದು ಕೇಳಿಸುತ್ತದೆ. ಕೈ ‘ಐ ವೆಂಟ್ ಟು ದ ಮಾರ್ಕೆಟ್ ಫಾರ್ ಬಯಿಂಗ್ ವೆಜಿಟಬಲ್ಸ್’ ಎಂದು ಬರೆದುಬಿಡುತ್ತದೆ. ಪ್ರಿಪೊಸಿಷನ್ ಇದೆ, ‘ಇಂಗ್’ ಇದೆ, ನಿಯಮವೇನೂ ಮುರಿದಿಲ್ಲ, ಆದರೂ ಇಂಗ್ಲಿಷ್ ಹೀಗೆ ಹೇಳುವುದಿಲ್ಲ. ಒಬ್ಬರು ಏನೋ ಮಾಡಲೆಂದು ಇನ್ನೊಂದು ಕೆಲಸಕ್ಕೆ ಹೊರಟರೆ ಆ ಉದ್ದೇಶಕ್ಕೆ ‘ಟು ಬೈ’ ಬರುತ್ತದೆ. ‘ಫಾರ್’ ಜೊತೆಗಿನ ‘ಇಂಗ್’ ವಸ್ತುವೊಂದರ ಉಪಯೋಗ ಹೇಳುವುದಕ್ಕೆ: ‘ದಿಸ್ ಸೋಪ್ ಈಸ್ ಫಾರ್ ವಾಷಿಂಗ್ ಕ್ಲೋತ್ಸ್’. ಅಥವಾ ಆಗಿಹೋದ ಕೆಲಸಕ್ಕೆ ಕಾರಣ ಕೊಡುವುದಕ್ಕೆ: ‘ಥ್ಯಾಂಕ್ ಯು ಫಾರ್ ಹೆಲ್ಪಿಂಗ್’, ‘ಫೈನ್ಡ್ ಫಾರ್ ಸ್ಪೀಡಿಂಗ್’. ‘ಐ ಕೇಮ್ ಟು ಬೆಂಗಳೂರು ಫಾರ್ ಸ್ಟಡೀಯಿಂಗ್’ ಎಂಬುದನ್ನು ‘ಟು ಸ್ಟಡಿ’ ಎಂದು ತಿದ್ದಿಕೊಳ್ಳಿ.

ಇನ್ನು ‘ಎಂಜಾಯ್’, ‘ವಾಂಟ್’ ವಿಚಾರ. ಇಲ್ಲಿ ಜಾಗ ನೋಡಿ ನಿರ್ಧರಿಸಲು ಆಗುವುದಿಲ್ಲ, ಹಿಂದಿನ ಕ್ರಿಯಾಪದವೇ ತನಗೆ ಏನು ಬೇಕೆಂದು ಹೇಳುತ್ತದೆ. ‘ಇಂಗ್’ ಮಾತ್ರ ಒಪ್ಪುವವು: ‘ಎಂಜಾಯ್’, ‘ಅವಾಯ್ಡ್’, ‘ಫಿನಿಶ್’, ‘ಮೈಂಡ್’, ‘ಕೀಪ್’, ‘ಸಜೆಸ್ಟ್’, ‘ಕನ್ಸಿಡರ್’, ‘ಡಿನೈ’, ‘ಅಡ್ಮಿಟ್’, ‘ಪೋಸ್ಟ್‌ಪೋನ್’, ‘ಪ್ರಾಕ್ಟೀಸ್’, ‘ಮಿಸ್’, ‘ರಿಸ್ಕ್’, ‘ಗಿವ್ ಅಪ್’, ‘ಕಾಂಟ್ ಹೆಲ್ಪ್’. ‘ಟು’ ಮಾತ್ರ ಒಪ್ಪುವವು: ‘ವಾಂಟ್’, ‘ಹೋಪ್’, ‘ಡಿಸೈಡ್’, ‘ಅಗ್ರೀ’, ‘ರೆಫ್ಯೂಸ್’, ‘ಪ್ರಾಮಿಸ್’, ‘ಆಫರ್’, ‘ಎಕ್ಸ್‌ಪೆಕ್ಟ್’, ‘ಮ್ಯಾನೇಜ್’, ‘ಅಫರ್ಡ್’, ‘ಪ್ರಿಟೆಂಡ್’. ‘ಟು’ ಗುಂಪಿನ ಹೆಚ್ಚಿನವು ಮುಂದೆ ಆಗಬೇಕಾದ್ದರ ಕಡೆ ಮುಖ ಮಾಡಿರುತ್ತವೆ. ‘ಇಂಗ್’ ಗುಂಪಿನವು ಆಗಿರುವ, ಆಗುತ್ತಿರುವ ಅಥವಾ ಕಣ್ಣೆದುರು ಇಟ್ಟುಕೊಂಡು ನೋಡುತ್ತಿರುವ ಕೆಲಸದ ಬಗ್ಗೆ ಮಾತಾಡುತ್ತವೆ. ಈ ಸೂತ್ರ ನೆನಪಿಗೆ ಒಳ್ಳೆಯ ಆಸರೆ, ಅಷ್ಟೇ. ‘ಪೋಸ್ಟ್‌ಪೋನ್’ ಮಾಡಿದ್ದು ಮುಂದೆ ಆಗಬೇಕಾದ ಕೆಲಸವೇ, ಆದರೂ ಅದು ‘ಇಂಗ್’ ಬೇಡುತ್ತದೆ. ಹಾಗಾಗಿ ಒಂದಿಷ್ಟು ಉರು ಹೊಡೆಯುವುದು ತಪ್ಪಿದ್ದಲ್ಲ. ಉದ್ದದ ಪಟ್ಟಿ ಓದುವ ಬದಲು ನೀವು ವಾರದಲ್ಲಿ ನಿಜವಾಗಿ ಬಳಸುವ ಹತ್ತು ಹನ್ನೆರಡು ಕ್ರಿಯಾಪದ ಹಿಡಿದು, ಒಂದೊಂದಕ್ಕೂ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಒಂದೇ ಒಂದು ಇಡೀ ವಾಕ್ಯ ಬರೆದು ಬಾಯಿಗೆ ತಂದುಕೊಳ್ಳಿ. ಪದಕ್ಕಿಂತ ವಾಕ್ಯ ಬೇಗ ನಾಲಿಗೆಗೆ ಹತ್ತುತ್ತದೆ.

ಪಟ್ಟಿಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ‘ಸಜೆಸ್ಟ್’. ‘ಡಾಕ್ಟರು ನನಗೆ ನಡೆಯಲು ಹೇಳಿದರು’ ಎಂಬುದು ‘ದ ಡಾಕ್ಟರ್ ಸಜೆಸ್ಟೆಡ್ ಮಿ ಟು ವಾಕ್’ ಆಗಿಬಿಡುತ್ತದೆ. ‘ಸಜೆಸ್ಟ್’ ತನ್ನ ಪಕ್ಕದಲ್ಲಿ ನೇರವಾಗಿ ವ್ಯಕ್ತಿಯನ್ನೂ ಕೂರಿಸಿಕೊಳ್ಳುವುದಿಲ್ಲ, ‘ಟು’ವನ್ನೂ ಕೂರಿಸಿಕೊಳ್ಳುವುದಿಲ್ಲ. ‘ಸಜೆಸ್ಟೆಡ್ ವಾಕಿಂಗ್’ ಅನ್ನಿ, ಇಲ್ಲವೇ ‘ಸಜೆಸ್ಟೆಡ್ ದಟ್ ಐ ವಾಕ್’ ಅನ್ನಿ. ‘ನನಗೆ’ ಎಂಬುದು ಬೇಕೇ ಬೇಕೆಂದರೆ ಕ್ರಿಯಾಪದವನ್ನೇ ಬದಲಿಸಿ: ‘ಅಡ್ವೈಸ್ಡ್ ಮಿ ಟು ವಾಕ್’. ‘ಅಡ್ವೈಸ್’, ‘ಅಲೋ’, ‘ಪರ್ಮಿಟ್’ ಈ ಮೂರರದ್ದು ಬೇರೆ ಲೆಕ್ಕ. ವ್ಯಕ್ತಿ ಇದ್ದರೆ ‘ಟು’, ಇಲ್ಲದಿದ್ದರೆ ‘ಇಂಗ್’: ‘ವೀ ಡೋಂಟ್ ಅಲೋ ಪಾರ್ಕಿಂಗ್ ಹಿಯರ್’, ‘ವೀ ಡೋಂಟ್ ಅಲೋ ವಿಸಿಟರ್ಸ್ ಟು ಪಾರ್ಕ್ ಹಿಯರ್’.

‘ಮೈಂಡ್’ ಬಗ್ಗೆಯೂ ಒಂದು ಮಾತು. ‘ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?’ ಎಂದು ಯಾರಾದರೂ ಕೇಳಿದರೆ ನಾವು ಸೌಜನ್ಯಕ್ಕೆ ‘ಯೆಸ್’ ಅನ್ನುತ್ತೇವೆ. ಕೇಳಿದ್ದು ‘ತೆರೆದರೆ ನಿಮಗೆ ಬೇಸರವೇ?’ ಎಂದು. ‘ನೋ, ನಾಟ್ ಅಟ್ ಆಲ್’ ಎಂದರೆ ಕಿಟಕಿ ತೆರೆಯಲು ಒಪ್ಪಿದಂತೆ.

ಈಗ ಕನ್ನಡ ನಮಗೆ ನಿಜಕ್ಕೂ ನೆರವಾಗುವ ಜಾಗಕ್ಕೆ ಬರೋಣ. ಕೆಲವು ಕ್ರಿಯಾಪದಗಳು ‘ಇಂಗ್’, ‘ಟು’ ಎರಡನ್ನೂ ಒಪ್ಪುತ್ತವೆ, ಆದರೆ ಅರ್ಥ ಬೇರೆಯಾಗುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಪುಟಗಟ್ಟಲೆ ವಿವರಿಸಿರುತ್ತಾರೆ. ಕನ್ನಡದವರಿಗೆ ಅಷ್ಟು ಕಷ್ಟ ಬೇಡ, ಏಕೆಂದರೆ ನಾವು ಆ ಎರಡು ಅರ್ಥಗಳನ್ನು ಎರಡು ರೂಪಗಳಲ್ಲಿ ದಿನವೂ ಹೇಳುತ್ತಿರುತ್ತೇವೆ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಅದರಲ್ಲಿ ‘ಮಾಡುವುದನ್ನು’, ‘ಮಾಡಿದ್ದು’, ‘ಮಾಡಿದ್ದಕ್ಕೆ’ ಬಂದರೆ ‘ಇಂಗ್’. ‘ಮಾಡಲು’, ‘ಮಾಡೋಕೆ’ ಬಂದರೆ ‘ಟು’.

‘ಹೀ ಸ್ಟಾಪ್ಡ್ ಟಾಕಿಂಗ್’ ಅಂದರೆ ಮಾತಾಡುವುದನ್ನು ನಿಲ್ಲಿಸಿದ. ‘ಹೀ ಸ್ಟಾಪ್ಡ್ ಟು ಟಾಕ್’ ಅಂದರೆ ಹೋಗುತ್ತಿದ್ದವನು ಮಾತಾಡಲು ನಿಂತ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’, ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’, ಬೀಗ ಹಾಕಲು ನೆನಪಿಟ್ಟುಕೊ. ‘ಐ ವಿಲ್ ನೆವರ್ ಫರ್ಗೆಟ್ ಸೀಯಿಂಗ್ ಜೋಗ್ ಫಾಲ್ಸ್’, ಜೋಗ ನೋಡಿದ್ದು ಮರೆಯುವುದಿಲ್ಲ. ‘ಐ ಫರ್ಗಾಟ್ ಟು ಪೇ ದ ಬಿಲ್’, ಬಿಲ್ ಕಟ್ಟಲು ಮರೆತೆ. ಇದನ್ನೇ ‘ಐ ಫರ್ಗಾಟ್ ಪೇಯಿಂಗ್ ದ ಬಿಲ್’ ಎಂದರೆ ಬಿಲ್ ಕಟ್ಟಾಗಿದೆ, ಕಟ್ಟಿದ್ದೇ ಮರೆತುಹೋಗಿದೆ ಎಂದಾಗುತ್ತದೆ. ಗ್ರಾಹಕರಿಗೆ ಕಳಿಸುವ ಪತ್ರದಲ್ಲಿ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆಯಿದೆ.

‘ರಿಗ್ರೆಟ್’ ಇನ್ನೂ ನಾಜೂಕು. ‘ವೀ ರಿಗ್ರೆಟ್ ಟು ಇನ್ಫಾರ್ಮ್ ಯು’ ಎಂಬುದು ಕೆಟ್ಟ ಸುದ್ದಿ ಹೇಳುವ ಮುಂಚಿನ ಪೀಠಿಕೆ, ‘ತಿಳಿಸಲು ವಿಷಾದಿಸುತ್ತೇವೆ’. ‘ವೀ ರಿಗ್ರೆಟ್ ಇನ್ಫಾರ್ಮಿಂಗ್ ಯು’ ಎಂದರೆ ‘ನಿಮಗೆ ತಿಳಿಸಿದ್ದಕ್ಕೆ ಪಶ್ಚಾತ್ತಾಪವಾಗುತ್ತಿದೆ’ ಎಂದು! ‘ಟ್ರೈ’ಗಂತೂ ಕನ್ನಡದಲ್ಲಿ ಹೇಳಿ ಮಾಡಿಸಿದ ಜೋಡಿ ಇದೆ. ‘ಎತ್ತಲು ನೋಡಿದೆ’, ‘ಎತ್ತಲು ಪ್ರಯತ್ನಪಟ್ಟೆ’ ಎಂಬಲ್ಲಿ ಕೆಲಸವೇ ಕಷ್ಟದ್ದು, ಆದೀತೋ ಇಲ್ಲವೋ ಗೊತ್ತಿಲ್ಲ: ‘ಐ ಟ್ರೈಡ್ ಟು ಲಿಫ್ಟ್ ಇಟ್’. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬಲ್ಲಿ ಕೆಲಸ ಸುಲಭ, ಫಲ ಸಿಗುತ್ತದೋ ಇಲ್ಲವೋ ಎಂಬ ಪರೀಕ್ಷೆ: ‘ಟ್ರೈ ರೀಸ್ಟಾರ್ಟಿಂಗ್ ಇಟ್’. ‘ಮಾಡಿ ನೋಡು’ ಎಂದು ಕನ್ನಡದಲ್ಲಿ ಬಂದರೆ ಇಂಗ್ಲಿಷಿನಲ್ಲಿ ‘ಟ್ರೈ’ ಜೊತೆ ‘ಇಂಗ್’ ಎಂದು ಧೈರ್ಯವಾಗಿ ಬರೆಯಿರಿ.

ಈ ಕನ್ನಡ ಪರೀಕ್ಷೆಯನ್ನು ‘ಎಂಜಾಯ್’ ಗುಂಪಿಗೆ ಎಳೆದು ತರಬೇಡಿ. ‘ಓದುವುದು ಇಷ್ಟ’, ‘ಓದಲು ಇಷ್ಟ’ ಎರಡನ್ನೂ ಕನ್ನಡ ಒಪ್ಪುತ್ತದೆ, ‘ಎಂಜಾಯ್’ ಒಂದನ್ನೇ ಒಪ್ಪುತ್ತದೆ. ‘ಲೈಕ್’, ‘ಲವ್’, ‘ಹೇಟ್’ ಮಾತ್ರ ನಮ್ಮ ಹಾಗೆ ಎರಡಕ್ಕೂ ಸೈ. ಆದರೆ ಹಿಂದೆ ‘ವುಡ್’ ಸೇರಿದರೆ ‘ಟು’: ‘ಐ ವುಡ್ ಲೈಕ್ ಟು ಸ್ಪೀಕ್’. ‘ಸ್ಟಾರ್ಟ್’, ‘ಬಿಗಿನ್’, ‘ಕಂಟಿನ್ಯೂ’ಗಳಿಗೂ ಎರಡೂ ನಡೆಯುತ್ತವೆ. ‘ಇಟ್ ಈಸ್ ಸ್ಟಾರ್ಟಿಂಗ್ ರೇನಿಂಗ್’ ಎಂದು ‘ಇಂಗ್’ ಮೇಲೆ ‘ಇಂಗ್’ ಹೇರುವುದನ್ನು ತಪ್ಪಿಸಲು ‘ಸ್ಟಾರ್ಟಿಂಗ್ ಟು ರೇನ್’ ಅನ್ನುತ್ತಾರೆ. ‘ನೀಡ್’ ವಿಚಿತ್ರದ್ದು. ‘ದ ಫ್ಯಾನ್ ನೀಡ್ಸ್ ಕ್ಲೀನಿಂಗ್’ ಅಂದರೆ ಫ್ಯಾನನ್ನು ಯಾರೋ ಒರೆಸಬೇಕು ಎಂದರ್ಥ, ‘ನೀಡ್ಸ್ ಟು ಬಿ ಕ್ಲೀನ್ಡ್’ ಅನ್ನುವುದಕ್ಕೆ ಸಮ.

ಕೆಲವು ನುಡಿಗಟ್ಟುಗಳಿಗೆ ನಿಯಮ ಹುಡುಕುವುದಕ್ಕಿಂತ ಹಾಗೇ ಹಿಡಿದುಕೊಳ್ಳುವುದು ಲೇಸು: ‘ವರ್ತ್ ಸೀಯಿಂಗ್’ (‘ವರ್ತ್ ಟು ಸೀ’ ಅಲ್ಲ), ‘ಬಿಸಿ ಪ್ಯಾಕಿಂಗ್’ (‘ಬಿಸಿ ಟು ಪ್ಯಾಕ್’ ಅಲ್ಲ), ‘ನೋ ಯೂಸ್ ಕಂಪ್ಲೇನಿಂಗ್’, ‘ನೋ ಪಾಯಿಂಟ್ ಇನ್ ಆರ್ಗ್ಯೂಯಿಂಗ್’, ‘ಸ್ಪೆಂಡ್ ತ್ರೀ ಅವರ್ಸ್ ಟ್ರಾವೆಲಿಂಗ್’, ‘ಹ್ಯಾವ್ ಡಿಫಿಕಲ್ಟಿ ಫೈಂಡಿಂಗ್’.

ಇಷ್ಟನ್ನು ಒಂದು ಪತ್ರದ ಮೇಲೆ ಪ್ರಯೋಗಿಸಿ ನೋಡೋಣ. ಕೆಲಸಕ್ಕೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಬರುವಂಥ ವಾಕ್ಯಗಳು:

‘ಐ ಆಮ್ ಇನ್‌ಟರೆಸ್ಟೆಡ್ ಟು ಅಪ್ಲೈ ಫಾರ್ ದಿಸ್ ಪೋಸ್ಟ್. ಐ ಹ್ಯಾವ್ ತ್ರೀ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್ ಇನ್ ಹ್ಯಾಂಡಲ್ ಅಕೌಂಟ್ಸ್. ಸಾರಿ ಫಾರ್ ಡಿಡ್ ನಾಟ್ ಅಟೆಂಡ್ ದಿ ಇಂಟರ್‌ವ್ಯೂ ಆನ್ ಮಂಡೇ. ಐ ಹ್ಯಾಡ್ ಡಿಫಿಕಲ್ಟಿ ಟು ಗೆಟ್ ಲೀವ್. ಐ ಸಜೆಸ್ಟ್ ಟು ಮೀಟ್ ಆನ್ ಫ್ರೈಡೇ.’

ಮೊದಲ ವಾಕ್ಯದಲ್ಲಿ ಇರುವುದು ಒಂದು ಕೆಲಸ ಮಾಡುವ ಆಸಕ್ತಿ, ಕುತೂಹಲವಲ್ಲ. ‘ಇನ್‌ಟರೆಸ್ಟೆಡ್ ಇನ್ ಅಪ್ಲೈಯಿಂಗ್’ ಆಗಬೇಕು. ಎರಡನೆಯದರಲ್ಲಿ ‘ಇನ್’ ಎಂಬ ಪ್ರಿಪೊಸಿಷನ್ ಸರಿಯಾಗಿಯೇ ಇದೆ, ಮುಂದಿನದು ಮಾತ್ರ ಹಸಿ ಕ್ರಿಯಾಪದ. ‘ಇನ್ ಹ್ಯಾಂಡ್ಲಿಂಗ್ ಅಕೌಂಟ್ಸ್’. ಮೂರನೆಯದರಲ್ಲಿ ‘ಫಾರ್’ ಮುಂದೆ ಇಡೀ ‘ಡಿಡ್ ನಾಟ್’ ಬಂದು ಕೂತಿದೆ. ಜೆರಂಡಿಗೆ ನಿಷೇಧ ಹೇಳುವುದು ಬಹಳ ಸುಲಭ, ಅದರ ಹಿಂದೆ ‘ನಾಟ್’ ಇಟ್ಟರೆ ಆಯಿತು, ‘ಡು’, ‘ಡಿಡ್’ ಯಾವುದೂ ಬೇಡ: ‘ಸಾರಿ ಫಾರ್ ನಾಟ್ ಅಟೆಂಡಿಂಗ್’. ಕೆಲಸ ಹಿಂದೆಯೇ ಆಗಿದೆ ಎಂದು ಒತ್ತಿ ಹೇಳಬೇಕಿದ್ದರೆ ‘ನಾಟ್ ಹ್ಯಾವಿಂಗ್ ಅಟೆಂಡೆಡ್’ ಅನ್ನಬಹುದು, ಆದರೆ ಇಲ್ಲಿ ‘ಮಂಡೇ’ ಎಂದು ಬಂದಿರುವುದರಿಂದ ಅಷ್ಟು ಭಾರ ಹೊರಿಸಬೇಕಿಲ್ಲ. ನಾಲ್ಕನೆಯದು ‘ಡಿಫಿಕಲ್ಟಿ ಗೆಟ್ಟಿಂಗ್ ಲೀವ್’. ‘ಇಟ್ ವಾಸ್ ಡಿಫಿಕಲ್ಟ್ ಟು ಗೆಟ್ ಲೀವ್’ ಸರಿಯಿದೆಯಲ್ಲ ಎಂದರೆ, ಸರಿಯಿದೆ. ‘ಡಿಫಿಕಲ್ಟ್’ ಎಂಬ ವಿಶೇಷಣ ‘ಟು’ ಬೇಡುತ್ತದೆ, ‘ಹ್ಯಾವ್ ಡಿಫಿಕಲ್ಟಿ’ ಎಂಬುದು ‘ಇಂಗ್’ ಬೇಡುತ್ತದೆ. ಈ ಎರಡು ರಚನೆ ಬೆರೆತದ್ದರಿಂದಲೇ ತಪ್ಪು ಹುಟ್ಟಿದೆ. ಕೊನೆಯದು ‘ಐ ಸಜೆಸ್ಟ್ ಮೀಟಿಂಗ್ ಆನ್ ಫ್ರೈಡೇ’.

ವಾಕ್ಯದ ಕರ್ತೃವಾಗಿ ಜೆರಂಡ್ ಬರುವುದು ನಮಗೆ ಸಹಜವಾಗಿಯೇ ಒಗ್ಗುತ್ತದೆ, ‘ಈಜುವುದು ಒಳ್ಳೆಯ ವ್ಯಾಯಾಮ’ ಎಂಬುದೇ ‘ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್’. ಇಲ್ಲಿ ಎಡವುವುದು ವಚನದಲ್ಲಿ. ‘ರೀಡಿಂಗ್ ನ್ಯೂಸ್‌ಪೇಪರ್ಸ್ ಇಂಪ್ರೂವ್’ ಎಂದು ಬರೆಯುತ್ತೇವೆ, ಏಕೆಂದರೆ ಕ್ರಿಯಾಪದದ ಪಕ್ಕದಲ್ಲಿ ಬಹುವಚನದ ‘ನ್ಯೂಸ್‌ಪೇಪರ್ಸ್’ ಕಾಣುತ್ತಿದೆ. ಕರ್ತೃ ಪತ್ರಿಕೆಗಳಲ್ಲ, ಓದುವುದು. ಅದು ಒಂದೇ ಕೆಲಸ, ‘ಇಂಪ್ರೂವ್ಸ್’ ಬೇಕು. ಕೆಲಸಗಳೇ ಎರಡಾದರೆ ಬಹುವಚನ: ‘ಕುಕಿಂಗ್ ಅಂಡ್ ಕ್ಲೀನಿಂಗ್ ಟೇಕ್ ಟೈಮ್’. ‘ನೋ’ (ತಿಳಿದಿರು), ‘ಹ್ಯಾವ್’, ‘ಬಿ’ ಇವಕ್ಕೆ ‘ಇಂಗ್’ ಹಚ್ಚಬಾರದೆಂದು ಶಾಲೆಯಲ್ಲಿ ಕೇಳಿ ಕೆಲವರು ಹೆದರುತ್ತಾರೆ. ‘ಐ ಆಮ್ ನೋಯಿಂಗ್’ ತಪ್ಪು ನಿಜ, ಆದರೆ ಆ ನಿಷೇಧ ಕಾಲಸೂಚಕ ರೂಪಕ್ಕೆ ಸಂಬಂಧಪಟ್ಟದ್ದು. ಜೆರಂಡಿಗೆ ಅದು ಅನ್ವಯಿಸುವುದಿಲ್ಲ. ‘ನೋಯಿಂಗ್ ಕನ್ನಡ ಹೆಲ್ಪ್ಸ್ ಇನ್ ದಿಸ್ ಜಾಬ್’ ಅಪ್ಪಟ ಇಂಗ್ಲಿಷ್.

ಜೆರಂಡಿನ ಸ್ವಭಾವದಲ್ಲೇ ಒಂದು ಇಬ್ಬಂದಿತನವಿದೆ. ವಾಕ್ಯದ ಉಳಿದ ಭಾಗಕ್ಕೆ ಅದು ನಾಮಪದ, ತನ್ನ ಮನೆಯೊಳಗೆ ಕ್ರಿಯಾಪದವೇ. ಹಾಗಾಗಿ ಅದು ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ, ಕ್ರಿಯಾವಿಶೇಷಣವನ್ನೂ ತೆಗೆದುಕೊಳ್ಳುತ್ತದೆ: ‘ಡ್ರೈವಿಂಗ್ ಎ ಬಸ್ ಕೇರ್‌ಫುಲಿ’. ಅದರ ಹಿಂದೆ ‘ದ’ ಹಚ್ಚಿದಿರೋ, ಅದು ಪೂರ್ತಿ ನಾಮಪದವಾಗಿಬಿಡುತ್ತದೆ. ಆಗ ಕರ್ಮಕ್ಕೆ ‘ಆಫ್’ ಬೇಕು, ‘ಕೇರ್‌ಫುಲಿ’ ಹೋಗಿ ‘ಕೇರ್‌ಫುಲ್’ ಬರಬೇಕು: ‘ದ ಕೇರ್‌ಫುಲ್ ಚೆಕಿಂಗ್ ಆಫ್ ದ ಅಕೌಂಟ್ಸ್’. ‘ದ ಚೆಕಿಂಗ್ ಅಕೌಂಟ್ಸ್ ಟುಕ್ ತ್ರೀ ಡೇಸ್’ ಎಂಬುದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ‘ಚೆಕಿಂಗ್’ ಹಿಂದಿನ ‘ದ’, ನಂತರದ ‘ಆಫ್’ ಎರಡೂ ಇರಲಿ, ಇಲ್ಲವೇ ಎರಡನ್ನೂ ಬಿಡಿ. ದಿನಬಳಕೆಗೆ ಎರಡನ್ನೂ ಬಿಟ್ಟ ‘ಚೆಕಿಂಗ್ ದಿ ಅಕೌಂಟ್ಸ್’ ಹಗುರ. ಸರ್ಕಾರಿ ಪತ್ರಗಳಲ್ಲಿ ಇನ್ನೊಂದಕ್ಕೇ ಹೆಚ್ಚು ಒಲವು, ಓದುವವರಿಗೆ ಸುಸ್ತು.

ಕರ್ಮಣಿ ರೂಪ ಬೇಕಾದಲ್ಲಿ ‘ಬೀಯಿಂಗ್’ ಮರೆಯುವುದು ನಮ್ಮಲ್ಲಿ ಬಹಳ. ಕನ್ನಡದಲ್ಲಿ ‘ತೊಂದರೆ ಕೊಡಲ್ಪಡುವುದು’ ಎಂದು ಯಾರೂ ಮಾತಾಡುವುದಿಲ್ಲವಲ್ಲ, ಅದಕ್ಕೇ ಇರಬೇಕು. ‘ಐ ಡೋಂಟ್ ಲೈಕ್ ಡಿಸ್ಟರ್ಬಿಂಗ್’ ಎಂದರೆ ಬೇರೆಯವರಿಗೆ ತೊಂದರೆ ಕೊಡುವುದು ನನಗಿಷ್ಟವಿಲ್ಲ ಎಂದಾಗುತ್ತದೆ. ನನಗೆ ಯಾರೂ ತೊಂದರೆ ಕೊಡಬಾರದು ಎಂದು ಹೇಳಬೇಕಿದ್ದರೆ ‘ಐ ಡೋಂಟ್ ಲೈಕ್ ಬೀಯಿಂಗ್ ಡಿಸ್ಟರ್ಬ್ಡ್’.

ಬ್ಯಾಂಕು, ಕಚೇರಿಗಳ ಬರವಣಿಗೆಯಲ್ಲಿ ತೀರಾ ಸಾಮಾನ್ಯವಾದ ಇನ್ನೊಂದು ಲೋಪವಿದೆ. ‘ದಾಖಲೆ ಪರಿಶೀಲಿಸಿದ ಮೇಲೆ ಸಾಲ ಮಂಜೂರಾಯಿತು’ ಎಂಬ ಕನ್ನಡ ವಾಕ್ಯದಲ್ಲಿ ಏನೂ ತಪ್ಪಿಲ್ಲ. ಕನ್ನಡದಲ್ಲಿ ‘ಮೇಲೆ’ ಎಂದಾಗ ಪರಿಶೀಲಿಸಿದವರು ಬೇರೆ, ಮಂಜೂರಾದದ್ದು ಬೇರೆ ಆಗಿರಬಹುದು. ಇಂಗ್ಲಿಷಿನಲ್ಲಿ ‘ಆಫ್ಟರ್ ವೆರಿಫೈಯಿಂಗ್ ದ ಡಾಕ್ಯುಮೆಂಟ್ಸ್, ದ ಲೋನ್ ವಾಸ್ ಸ್ಯಾಂಕ್ಷನ್ಡ್’ ಎಂದರೆ, ಜೆರಂಡಿಗೆ ತನ್ನದೇ ಕರ್ತೃ ಇಲ್ಲದ್ದರಿಂದ, ಓದುಗ ಮುಂದಿನ ಕರ್ತೃವನ್ನೇ ಎಳೆದು ಹಚ್ಚುತ್ತಾನೆ. ಸಾಲವೇ ಎದ್ದು ದಾಖಲೆ ಪರಿಶೀಲಿಸಿತು ಎಂದಾಗುತ್ತದೆ. ಅಲ್ಪವಿರಾಮದ ನಂತರ ಆ ಕೆಲಸ ಮಾಡಿದವರನ್ನೇ ತನ್ನಿ: ‘ಆಫ್ಟರ್ ವೆರಿಫೈಯಿಂಗ್ ದ ಡಾಕ್ಯುಮೆಂಟ್ಸ್, ದ ಬ್ಯಾಂಕ್ ಸ್ಯಾಂಕ್ಷನ್ಡ್ ದ ಲೋನ್’.

ಕಾಗುಣಿತದಲ್ಲಿ ಎರಡು ಮೂರು ಮಾತ್ರ ಗಮನಿಸಿ. ಕೊನೆಯಲ್ಲಿ ಉಚ್ಚಾರವಾಗದ ‘ಇ’ ಅಕ್ಷರವಿದ್ದರೆ ಬೀಳುತ್ತದೆ, ‘ಮೇಕಿಂಗ್’ನಲ್ಲಿ ಅದು ಇಲ್ಲ. ‘ರನ್’, ‘ಸ್ಟಾಪ್’ನಂಥ ಗಿಡ್ಡ ಪದಗಳ ಕೊನೆಯ ವ್ಯಂಜನ ಎರಡಾಗುತ್ತದೆ. ‘ಬಿಗಿನ್’, ‘ರೆಫರ್’ಗಳಲ್ಲಿ ಒತ್ತು ಕೊನೆಗೆ ಬೀಳುವುದರಿಂದ ಅಲ್ಲೂ ಎರಡಾಗುತ್ತದೆ. ‘ಆಫರ್’, ‘ವಿಸಿಟ್’ಗಳಲ್ಲಿ ಒತ್ತು ಮೊದಲಿಗೆ, ಹಾಗಾಗಿ ಒಂದೇ. ‘ಟ್ರಾವೆಲಿಂಗ್’ಗೆ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕದವರು ಒಂದು. ಕಂಪನಿ ಯಾವ ಪದ್ಧತಿ ಅನುಸರಿಸುತ್ತದೋ ಅದನ್ನೇ ಹಿಡಿಯಿರಿ.

‘ಇಂಗ್’ ಇದ್ದದ್ದೆಲ್ಲ ಜೆರಂಡ್ ಅಲ್ಲ ಎಂಬುದೂ ಗೊತ್ತಿರಲಿ. ‘ವೇಟಿಂಗ್ ರೂಮ್’ ಅಂದರೆ ಕಾಯುವುದಕ್ಕೆ ಇರುವ ಕೋಣೆ, ಅಲ್ಲಿ ‘ವೇಟಿಂಗ್’ ಜೆರಂಡ್. ‘ವೇಟಿಂಗ್ ಪ್ಯಾಸೆಂಜರ್ಸ್’ ಅಂದರೆ ಕಾಯುತ್ತಿರುವ ಪ್ರಯಾಣಿಕರು, ಅದು ಪಾರ್ಟಿಸಿಪಲ್, ಅಂದರೆ ವಿಶೇಷಣದ ಕೆಲಸ ಮಾಡುವ ಕ್ರಿಯಾರೂಪ. ಉಚ್ಚಾರದಲ್ಲೂ ವ್ಯತ್ಯಾಸ ಕೇಳಿಸುತ್ತದೆ: ಜೆರಂಡ್ ಜೋಡಿಯಲ್ಲಿ ಒತ್ತು ಮೊದಲ ಪದದ ಮೇಲೆ, ಪಾರ್ಟಿಸಿಪಲ್ ಜೋಡಿಯಲ್ಲಿ ಎರಡನೆಯದಕ್ಕೂ ಒತ್ತು. ಹಳೆಯ ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪ್ರತ್ಯಯಗಳಿದ್ದವು. ಕೆಲಸದ ಹೆಸರಿಗೆ ‘ಉಂಗ್’ ಅಥವಾ ‘ಇಂಗ್’, ವಿಶೇಷಣಕ್ಕೆ ‘ಎಂಡೆ’. ಜರ್ಮನ್ ಭಾಷೆಯಲ್ಲಿ ಅವುಗಳ ಸಂಬಂಧಿಕರು ಇಂದಿಗೂ ಬೇರೆಯಾಗಿಯೇ ಇದ್ದಾರೆ. ಇಂಗ್ಲಿಷಿನಲ್ಲಿ ಮಧ್ಯಯುಗದ ಹೊತ್ತಿಗೆ ಎರಡೂ ಒಂದಾಗಿಹೋದವು. ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ಭಾಷಾವಿಜ್ಞಾನಿಗಳು 2002ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ಎರಡು ಹೆಸರೇ ಬೇಡವೆಂದು ‘ಜೆರಂಡ್-ಪಾರ್ಟಿಸಿಪಲ್’ ಎಂದು ಒಂದೇ ಹೆಸರಿಟ್ಟಿದ್ದಾರೆ. ಪರೀಕ್ಷೆ ಬರೆಯುವವರು ಮಾತ್ರ ಹಳೆಯ ಎರಡು ಹೆಸರುಗಳನ್ನೇ ಬರೆಯಬೇಕು.

ಇನ್ನು ‘ಹಿಸ್ ಕಮಿಂಗ್’ ಮತ್ತು ‘ಹಿಮ್ ಕಮಿಂಗ್’. ‘ಅವನು ಬರುವುದು’ ಎಂದು ನಾವು ಪ್ರಥಮಾ ವಿಭಕ್ತಿಯಲ್ಲಿ ಹೇಳುತ್ತೇವೆ, ‘ಅವನ ಬರುವಿಕೆ’ ಎಂದು ಷಷ್ಠಿಯಲ್ಲೂ ಹೇಳಬಹುದು. ಇಂಗ್ಲಿಷಿನಲ್ಲಿ ‘ಹೀ ಕಮಿಂಗ್’ ಮಾತ್ರ ನಡೆಯುವುದಿಲ್ಲ. ‘ಹಿಮ್’ ಜೊತೆಗಿನ ರಚನೆಯನ್ನು ಹೆನ್ರಿ ಫೌಲರ್ ಎಂಬ ಇಂಗ್ಲಿಷ್ ನಿಘಂಟುಕಾರ ಇಪ್ಪತ್ತನೇ ಶತಮಾನದ ಆರಂಭದಲ್ಲಿ ‘ಫ್ಯೂಸ್ಡ್ ಪಾರ್ಟಿಸಿಪಲ್’ ಎಂದು ಕರೆದು ಕಟುವಾಗಿ ಟೀಕಿಸಿದ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್, ಒಳ್ಳೆಯ ಲೇಖಕರೇ ಹಾಗೆ ಬರೆದಿದ್ದಾರೆ ಎಂದು ಉದಾಹರಣೆ ಹಿಡಿದು ಅವನಿಗೆ ಎದುರಾದ. ಬಳಕೆ ಯೆಸ್ಪರ್ಸನ್ ಕಡೆಗೇ ವಾಲಿದೆ. ‘ಐ ಡೋಂಟ್ ಮೈಂಡ್ ಹಿಮ್ ಕಮಿಂಗ್’ ಇಂದು ಮಾತಿನಲ್ಲಿ, ಇಮೇಲಿನಲ್ಲಿ ಪೂರ್ತಿ ಸರಿ. ‘ಹಿಸ್ ಕಮಿಂಗ್’ ಕೂಡ ಸರಿ, ಸ್ವಲ್ಪ ಗಂಭೀರ. ವಾಕ್ಯ ಶುರುವಾಗುವುದೇ ಅದರಿಂದ ಎಂದಾದರೆ ‘ಹಿಸ್’ ಆರಿಸಿ, ‘ಹಿಸ್ ರಿಸೈನಿಂಗ್ ಸರ್‌ಪ್ರೈಸ್ಡ್ ಎವ್ರಿಒನ್’. ಅಲ್ಲಿ ‘ಹಿಮ್’ ಕಿವಿಗೆ ಒರಟು. ಬಹು ಆಯ್ಕೆಯ ಪರೀಕ್ಷೆಯಲ್ಲಿ ಎರಡೂ ಕಂಡರೆ ‘ಹಿಸ್’ ಗುರುತು ಮಾಡುವುದು ಕ್ಷೇಮ.

‘ಹಿಸ್’ ಪಕ್ಷದವರೂ ಕೈಚೆಲ್ಲುವ ಜಾಗಗಳಿವೆ. ಹೆಸರು ಉದ್ದವಾದರೆ ಅಪಾಸ್ಟ್ರಫಿ ಹಚ್ಚಲು ಆಗುವುದಿಲ್ಲ: ‘ಐ ಆಮ್ ಟೈರ್ಡ್ ಆಫ್ ದ ಪೀಪಲ್ ಅಪ್‌ಸ್ಟೇರ್ಸ್ ಮೇಕಿಂಗ್ ನಾಯ್ಸ್’. ನಿರ್ಜೀವ ವಸ್ತುಗಳಿಗೂ ಅದು ಹೊಂದುವುದಿಲ್ಲ. ‘ದೇರ್ ಈಸ್ ಎ ಚಾನ್ಸ್ ಆಫ್ ದ ಟ್ರೇನ್ ಬೀಯಿಂಗ್ ಲೇಟ್’ ಅನ್ನುತ್ತಾರೆ, ‘ಟ್ರೇನ್ಸ್ ಬೀಯಿಂಗ್’ ಅಂತ ಅಪಾಸ್ಟ್ರಫಿ ಹಾಕಿ ಬರೆಯುವವರು ವಿರಳ. ‘ದಿಸ್’, ‘ದಟ್’ಗಳಿಗಂತೂ ಷಷ್ಠೀ ರೂಪವೇ ಇಲ್ಲ, ‘ದೇರ್ ಈಸ್ ನೋ ಹೋಪ್ ಆಫ್ ದಟ್ ಹ್ಯಾಪನಿಂಗ್’ ಎಂದೇ ಬರೆಯಬೇಕು.